ಅಣ್ಣನ ಬೆಂಕಿಯ ಮುಂದೆ

ಗೊತ್ತು, ಗೊತ್ತು. ಮನೆ ಬಾಗಿಲಿಗೂ ಹಿರಿಯರ ಬೆಂಕಿಗೂ ನಡುವೆ ಹಾಯಬಾರದು. ಕರುಗಳ ದೊಡ್ಡಿ ಕಡೆಯಿಂದ ಸುತ್ತಿ ಬರಬೇಕು. ಅದನ್ನ ನನಗೇ ಹೇಳಿಕೊಡ್ತೀಯಾ? ಕೈ ಇಳಿಸು. ಸುತ್ತೇ ಬರ್ತೀನಿ. ಕಾಲು ಊದಿದೆ, ಅದಕ್ಕೆ ನಿಧಾನ.

ಇಲ್ಲಿ ಕೂರಲಾ? ಬೇಡವಾ? ಸರಿ. ಆ ಕಡೆ. ನೆಲವೇ ಸಾಕು.

ಕತ್ತೆಗೆ ನೀರು ತೋರಿಸು ಅಂತ ನಿನ್ನ ಹೆಂಡ್ತಿಗೆ ಹೇಳು. ಐದು ದಿನ ಹೊತ್ತಿದೆ ನನ್ನ. ಅವಳೇನು, ಹುಳಿಹಾಲಿನ ಸೋರೆಬುರುಡೆ ಎತ್ಕೊಂಡು ಬರ್ತಿದ್ದಾಳೆ. ಬೇಡಮ್ಮ, ಒಳಗಿಡು. ಸತ್ತ ಹಿರಿಯರಿಗೆ ಒಪ್ಪಿಸದೆ ಇರೋನಿಗೆ ಈ ಮನೆ ಹಾಲು ಕೊಡಬಾರದು. ಗೊತ್ತಿಲ್ವಾ ಅವಳಿಗೆ?

ಹೋದ್ಲು. ಮುನಿಸು ಬಂತೇನೋ. ಬರಲಿ. ತಲೆಬಟ್ಟೆ ಚೆನ್ನಾಗಿ ಕಟ್ಟಿದ್ದಾಳೆ. ಎರಡು ಕಡೆ ಬಟ್ಟೆಯ ಕೊಂಬು, ಹಸುವಿನ ಹಾಗೆ, ನೆಟ್ಟಗಿವೆ. ನಿನ್ನವ್ವ ಕಟ್ಟಿದ್ರೆ ಒಂದು ಕೊಂಬು ಯಾವಾಗ್ಲೂ ವಾಲಿರ್ತಿತ್ತು. ಒದೆ ತಿಂದ ಹಸು ಅಂತ ನಾನು ರೇಗಿಸ್ತಿದ್ದೆ ಅವಳನ್ನ.

ನೀನು ಹಾಗೆ ನೋಡಬೇಡ ಮುರಂಗಿ. ಬೇಲಿ ಹತ್ರ ನಿಂತಾಗಲೇ ಹೇಳಿದೆನಲ್ಲ. ನಾನು ಚಿಪುರ. ರುಕೋರೊನ ಎರಡನೇ ಮಗ. ನಿನ್ನಪ್ಪ ಕಂಗೋಂಬೆಯ ಒಡಹುಟ್ಟಿದ ತಮ್ಮ. ನಿನಗೆ ಚಿಕ್ಕಪ್ಪ. ಮುಖ ನೋಡು. ಮೂಗು ನಿಂದೇ ಅಲ್ವಾ? ಈ ಮೂಗು ಹೊತ್ತು ನಲವತ್ತು ವರ್ಷ ಬಿಳಿಯನ ಜಮೀನಲ್ಲಿ ದನ ಕಾದೆ. ದಕ್ಷಿಣದಲ್ಲಿ. ಅವನ ಅಪ್ಪನ ಕಾಲದಿಂದ. ಒಳ್ಳೆಯವನು. ಒಳ್ಳೆಯವನು ಅಂದ್ರೆ ಹೊಡೆಯೋಕೆ ಮುಂಚೆ ಕಾರಣ ಹೇಳ್ತಿದ್ದ.

ನಗ್ತೀಯಾ? ನಗು. ನಾನೂ ನಗ್ತೀನಿ, ನಿನ್ನ ಗೋಡೆ ನೋಡಿ. ಆ ಗೂಟಕ್ಕೆ ನೇತು ಹಾಕಿರೋ ಅಂಗಿ ನಿಂದಾ? ಜರ್ಮನ್ನರ ಸಿಪಾಯಿ ಅಂಗಿ. ಹಿತ್ತಾಳೆ ಗುಂಡಿ, ಭುಜದ ಪಟ್ಟಿ, ಎಲ್ಲ ಇದೆ. ಸತ್ತವರ ಹಬ್ಬದ ದಿನ ನೀವೆಲ್ಲ ಅದನ್ನ ಹಾಕ್ಕೊಂಡು ಸಾಲಾಗಿ ನಡೀತೀರಂತೆ. ಸೋಲಿಸಿದವನ ಅಂಗಿ ಕಿತ್ಕೊಂಡು ಹಾಕ್ಕೊಂಡ್ರೆ ಅವನ ಬಲ ನಮಗೆ ಬರುತ್ತೆ ಅಂತ ಹಳಬರು ಹೇಳೋರು. ನಾವು ಯಾವಾಗ ಸೋಲಿಸಿದ್ವಿ?

ನಗು ನಿಂತುಹೋಯ್ತು. ಹೋಗ್ಲಿ ಬಿಡು. ನಾನು ಜಗಳಕ್ಕೆ ಬಂದಿಲ್ಲ.

ಕೇಳೋದು ಒಂದೇ. ಬಾಯಲ್ಲಿ ಒಂದು ಗುಟುಕು ನೀರು ತುಂಬಿಕೋ. ನನ್ನ ಮುಖದ ಮೇಲೆ ಚಿಮುಕಿಸು. ಹೆಸರು ನಾನೇ ಹೇಳ್ಕೋತೀನಿ. ಹಿರಿಯರು ಕೇಳಿಸ್ಕೋತಾರೆ. ಅಷ್ಟಾದ್ರೆ ನಾನು ಈ ಮನೆಯವನು. ಸತ್ತ ಮೇಲೆ ಆ ಮುಳ್ಳುಮರದ ಕೆಳಗೆ, ನಮ್ಮವರ ಜೊತೆ. ಹೊಟ್ಟೆಯಲ್ಲಿ ಗಡ್ಡೆ ಇದೆ ಕಣೋ. ಮುಟ್ಟಿ ನೋಡಬೇಕಾ? ಮಳೆ ಬರೋವರೆಗೂ ಇರಲ್ಲ ಅಂದ ಆಸ್ಪತ್ರೆಯವನು. ಜಮೀನಲ್ಲಿ ಸತ್ತರೆ ಬೇಲಿ ಆಚೆ ಹೂಳ್ತಾರೆ. ರೋಗ ಬಂದ ಕುರಿ ಹೂಳೋ ಕಡೆ. ಹೆಸರು ಹಿಡಿದು ಕರೆಯೋಕೆ ಒಬ್ಬನೂ ಇರಲ್ಲ. ನಮ್ಮಲ್ಲಿ, ಹೆಸರು ಕರೆಯೋರಿಲ್ಲದೆ ಸತ್ತವನು ಸತ್ತವರ ಲೆಕ್ಕಕ್ಕೂ ಇಲ್ಲ.

ನಿನಗೆ ಅಧಿಕಾರ ಇದೆ. ಬೆಂಕಿ ಕಾಯೋನು ನೀನು. ನೀನು ಹೂಂ ಅಂದ್ರೆ ಹೂಂ.

ಏನು, ಇನ್ನೂ ನೋಡ್ತಾನೇ ಇದ್ದೀಯ?

ಹೌದು. ಬೇಲಿ ಹತ್ರ ಒಂದೇ ಮಾತು ಕೇಳಿದೆ ನೀನು. 'ನನ್ನಪ್ಪನ ಬಗ್ಗೆ ಹೇಳು.' ಅದಾದ ಮೇಲೆ ಬಾಯೇ ಬಿಟ್ಟಿಲ್ಲ. ನಿನ್ನಪ್ಪನೂ ಹೀಗೇ. ಒಂದು ಕೇಳಿ, ಉತ್ತರ ಬರೋವರೆಗೂ ಕೂತಿರ್ತಿದ್ದ. ಕೂತ್ಕೊಂಡೇ ಜನರನ್ನ ಸುಸ್ತು ಮಾಡ್ತಿದ್ದ.

ಹೇಳ್ತೀನಿ. ಹೇಳೋಕೇ ಬಂದೆ.

ಓಹಮಕಾರಿ ಯುದ್ಧ ನಿನಗೆ ಗೊತ್ತು. ಎಲ್ಲರೂ ಹೇಳಿರ್ತಾರೆ. ಮೂರು ದಿಕ್ಕಲ್ಲಿ ಜರ್ಮನ್ನರ ಫಿರಂಗಿ, ನಾಲ್ಕನೇ ದಿಕ್ಕು ಬಿಟ್ಟಿದ್ರು. ಅದು ಒಮಹೆಕೆ, ಬರೀ ಮರಳು. ಆ ಕಡೆಗೆ ಓಡಿಸಿದ್ರು. ನಾವು ಓಡಿದ್ವಿ. ದನ, ಮಕ್ಕಳು, ಮುದುಕರು, ಎಲ್ಲ. ನೀರಿರೋ ಗುಂಡಿಗಳಿಗೆ ಮೊದಲೇ ಹೋಗಿ ಕಾವಲು ಕೂತಿದ್ರು ಅವರು. ನಾವು ಗುಂಡಿ ತೋಡಿದ್ವಿ. ಹತ್ತು ಆಳು ಆಳ. ನೀರು ಸಿಕ್ಕಿದ ಕಡೆ ದನ ನುಗ್ಗಿ ಗುಂಡಿಯೊಳಗೇ ಬಿದ್ದು ಸತ್ವು, ಕೆಳಗೆ ತೋಡ್ತಿದ್ದವರ ಮೇಲೆ. ಅಷ್ಟು ಸಾಕು. ಅದನ್ನ ಉದ್ದ ಮಾಡಲ್ಲ ನಾನು.

ಅಲ್ಲೇ ಬೇರೆಯಾದ್ವಿ ನಾವು. ನಿನ್ನಪ್ಪ ಬೆಂಕಿ ತಗೊಂಡ. ಒಣ ಸಗಣಿಯೊಳಗೆ ಕೆಂಡ ಮುಚ್ಚಿಟ್ಟು, ಬೆಂಕಿ ಹೊಸೆಯೋ ಹಿರಿಯರ ಕಡ್ಡಿಕಟ್ಟು ಹೆಗಲಿಗೆ ಹಾಕ್ಕೊಂಡು, ಮೂವತ್ತೊಂದು ಜನ ಕರ್ಕೊಂಡು ಉತ್ತರಕ್ಕೆ ಹೋದ. ಅವ್ವನಿಗೆ ನಡೆಯೋಕೆ ಆಗ್ತಿರಲಿಲ್ಲ. ನಾನು, ನನ್ನ ಹೆಂಡ್ತಿ ಉನೋಚಾರಿ, ಅವ್ವ, ಹಿಂದೆ ಉಳಿದ್ವಿ. ಸಿಪಾಯಿಗಳಿಗೆ ಸಿಕ್ವಿ. ಅಷ್ಟು ಹೊತ್ತಿಗೆ ಕಂಡಲ್ಲಿ ಗುಂಡು ಹಾಕೋದು ನಿಲ್ಲಿಸಿದ್ರು. ಶಿಬಿರಕ್ಕೆ ತಂದು ಹಾಕಿದ್ರು. ಮುಳ್ಳಿನ ಬೇಲಿ. ಕುತ್ತಿಗೆಗೆ ತಗಡಿನ ಬಿಲ್ಲೆ, ಅದರ ಮೇಲೆ ನಂಬರು.

ನೋಡಬೇಕಾ? ಇಲ್ಲ, ಬಿಸಾಕಿದೆ. ಗುರುತು ಇದೆ ನೋಡು, ಇಲ್ಲಿ. ಬಿಸಿಲಿಗೆ ಕಾದು ಸುಡ್ತಿತ್ತು.

ಹೆಂಗಸರನ್ನ ಗಾಡಿಗೆ ಕಟ್ಟೋರು. ಎತ್ತು ಸತ್ತುಹೋಗಿತ್ತಲ್ಲ. ಎಂಟೆಂಟು ಹೆಂಗಸರು ಒಂದು ಗಾಡಿಗೆ. ಅವ್ವನನ್ನ ಗಾಡಿಗೆ ಕಟ್ಟಲಿಲ್ಲ, ಮುದುಕಿ ಅಂತ. ಮೂಟೆ ಹೊರಿಸಿದ್ರು. ಎರಡನೇ ಚಳಿಗಾಲದಲ್ಲಿ ಹೋದ್ಲು. ನಾನೇ ಮಣ್ಣು ಮಾಡಿದೆ. ಗುದ್ದಲಿ ಕೊಡಲಿಲ್ಲ, ಕೈಯಲ್ಲೇ ಅಗೆದೆ. ಆಳ ಸಾಲಲಿಲ್ಲ.

ನಿನ್ನಪ್ಪನ ವಿಷಯಕ್ಕೆ ಬರ್ತೀನಿ, ಇರು.

ಒಬ್ಬ ಪಾದ್ರಿ ಇದ್ದ. ನಮ್ಮ ಮಾತು ನಮಗಿಂತ ಚೆನ್ನಾಗಿ ಆಡ್ತಿದ್ದ. ಕಾಡಲ್ಲಿ ಅಡಗಿರೋರು ಹೊರಗೆ ಬರಲಿ, ಕೊಲ್ಲಲ್ಲ, ಅನ್ನ ಕೊಡ್ತೀವಿ, ಅಂತ ಸಾರೋಕೆ ಅವನಿಗೆ ಜನ ಬೇಕಿತ್ತು. ಬಿಳಿಯರು ಹೋದ್ರೆ ಯಾರು ಬರ್ತಾರೆ? ನಮ್ಮವರೇ ಹೋಗಬೇಕು. ನನ್ನನ್ನ ಕರೆದ. ತೋಳಿಗೆ ಬಿಳಿ ಬಟ್ಟೆ ಕಟ್ಟಿದ. ಕಾಗದ ಕೊಟ್ಟ. ಮೊದಲ ಸಲ ಹೋದೆ. ನಲವತ್ಮೂರು ಜನ ಸಿಕ್ಕಿದ್ರು, ಗೆಡ್ಡೆ ತಿಂದು ಬದುಕಿದ್ದವರು. ಹೊಟ್ಟೆ ಮುಂದೆ, ಕಾಲು ಕಡ್ಡಿ. ಬನ್ನಿ ಅಂದೆ. ಬಂದ್ರು. ಪಾದ್ರಿ ಗಂಜಿ ಕೊಟ್ಟ. ನಿಜವಾಗ್ಲೂ ಕೊಟ್ಟ. ಹೆಂಗಸರು ನನ್ನ ಕೈ ಮುಟ್ಟಿ ಹಣೆಗೆ ಒತ್ಕೊಂಡ್ರು.

ಏನು ತಪ್ಪು ಮಾಡಿದೆ ನಾನು? ಹೇಳು. ಕಾಡಲ್ಲಿ ಇದ್ದಿದ್ರೆ ಸಾಯ್ತಿದ್ರು. ಎಲ್ಲರಿಗೂ ಅದು ಗೊತ್ತು.

ಹಾಗಂತ ಎರಡನೇ ಸಲ ಕಳಿಸಿದ್ರು. ಕಂಗೋಂಬೆಯ ಗುಂಪು ತರಬೇಕು ಅಂತ. ಎರಡು ವರ್ಷ ಹುಡುಕಿದ್ರು ಸಿಪಾಯಿಗಳು, ಸಿಕ್ಕಿರಲಿಲ್ಲ. ಮರಳಲ್ಲಿ ಹೆಜ್ಜೆ ಅಳಿಸ್ತಾ ನಡೆದಿದ್ದ ನಿನ್ನಪ್ಪ, ಮುಳ್ಳಿನ ಕೊಂಬೆ ಎಳ್ಕೊಂಡು. ಚಾಲಾಕಿ. ನಾನು ನಾಲ್ಕು ದಿನದಲ್ಲಿ ಕಂಡುಹಿಡಿದೆ. ಹೇಗೆ ಅಂತ ಕೇಳು.

ಕೇಳಲ್ಲ. ಸರಿ, ನಾನೇ ಹೇಳ್ತೀನಿ. ಸಿಪಾಯಿಗಳು ರಾತ್ರಿ ಹೊತ್ತು ಬೆಂಕಿ ಬೆಳಕು ಹುಡುಕ್ತಿದ್ರು. ರಾತ್ರಿ ಯಾರು ಹಚ್ತಾರೆ? ನಾನು ಬೆಳಗ್ಗೆ ನೋಡಿದೆ. ಹಾಲು ಕರೆಯೋ ಹೊತ್ತು. ಕರು ಬಿಡೋ ಹೊತ್ತು. ಅವನ ಹತ್ರ ಒಂದು ಹಸೂ ಇರಲಿಲ್ಲ ಕಣೋ, ಒಂದು ಕರೂ ಇರಲಿಲ್ಲ. ಆದರೂ ಆ ಹೊತ್ತಿಗೆ ಹಿರಿಯರ ಬೆಂಕಿ ಎಬ್ಬಿಸದೆ ಇರೋನಲ್ಲ ಅಣ್ಣ. ನನಗೆ ಗೊತ್ತಿತ್ತು. ದಿನಕ್ಕೊಂದು ದಿಬ್ಬದ ಮೇಲೆ ಮಲಗಿ ನೋಡಿದೆ. ಮೂರು ದಿನ ಏನಿಲ್ಲ. ನಾಲ್ಕನೇ ದಿನ ದಾರದಷ್ಟು ಹೊಗೆ. ಎದ್ದಿತು, ನಿಂತಿತು.

ಹೋದೆ. ದೂರದಲ್ಲೇ ಕೂತು ಕೆಮ್ಮಿದೆ. ಅವನು ತಿರುಗಿ ನೋಡಲಿಲ್ಲ. ಸೋರೆಬುರುಡೆಯಲ್ಲಿ ಕೆಸರುನೀರು. ಅದನ್ನ ಹಾಲು ಅಂತ ರುಚಿ ನೋಡ್ತಿದ್ದ. ಅವನು ರುಚಿ ನೋಡಿದ ಮೇಲೆ ಒಬ್ಬೊಬ್ಬರೂ ಬಂದು ಆ ನೀರು ಕುಡಿದ್ರು. ಸಾಲಾಗಿ. ಊರಲ್ಲಿ ಬೆಳಗಿನ ಹಾಲಿಗೆ ಹೇಗೋ ಹಾಗೆ. ಎಲ್ಲ ಮುಗಿದ ಮೇಲೆ ನನ್ನ ಕಡೆ ನೋಡಿದ. 'ಬಡವಾಗಿದ್ದೀಯಲ್ಲೋ' ಅಂದ. ಅವನು. ನನಗೆ. ಅವನ ಪಕ್ಕೆಲುಬು ಎಣಿಸಬಹುದಿತ್ತು.

ಬೆಂಕಿ ಹತ್ರ ಕೂರಿಸಿದ. ಬಾಯಲ್ಲಿ ನೀರು ತುಂಬಿ ಮುಖದ ಮೇಲೆ ಚಿಮುಕಿಸಿದ. ಎರಡು ವರ್ಷ ಬಿಳಿಯರ ಮಧ್ಯೆ ಇದ್ದವನು, ಮತ್ತೆ ಒಪ್ಪಿಸಬೇಕು ಅಂದ. ಆಮೇಲೆ ಕೇಳಿದ.

ಮುರಂಗಿ, ಬಾಯಿಗೆ ನೀರು ಯಾಕೆ ತಗೊಂಡೆ ಈಗ?

ಸರಿ. ಸರಿ, ಒಳ್ಳೇದಾಯ್ತು. ನಿನಗೇ ಮನಸ್ಸು ಬಂತು. ಇನ್ನು ನೀನು ಮಾತಾಡೋ ಹಾಗಿಲ್ಲ, ನೀರು ಬಾಯಲ್ಲಿದೆ. ನಾನು ಹೇಳ್ತೀನಿ. ಟೋಪಿ ತೆಗೀತೀನಿ ಇರು.

ಅಪ್ಪಂದಿರೇ. ನಾನು ಚಿಪುರ. ರುಕೋರೊನ ಮಗ. ನಮ್ಮ ದನ ಮೇಯ್ದ ನೆಲದವನು. ಬಹಳ ದೂರ ಹೋಗಿದ್ದೆ. ಬಂದಿದ್ದೀನಿ. ಇವನು ನನ್ನ ಮಗ ಮುರಂಗಿ, ಕಂಗೋಂಬೆಯ ಬೆಂಕಿ ಕಾಯ್ತಿದ್ದಾನೆ. ನನ್ನನ್ನ ಒಳಗೆ ತಗೊಳ್ಳಿ.

ಆಯ್ತು.

ಮುರಂಗಿ, ಆಯ್ತು ಕಣೋ. ಚಿಮುಕಿಸು.

ಏನು ಬಾಕಿ? ಹೇಳೋದು ಅಷ್ಟೇ ಇರೋದು. ನಮ್ಮಪ್ಪ ಹಾಗೇ ಮಾಡ್ತಿದ್ದ.

ಓ. ನಿನ್ನಪ್ಪ ಏನು ಕೇಳಿದ ಅಂತ ಹೇಳಿಲ್ಲ ನಾನು. ಅದಕ್ಕಾ? ಅದನ್ನ ಹೇಳಿದ್ರೆ ಚಿಮುಕಿಸ್ತೀಯಾ? ತಲೆಯಾದ್ರೂ ಆಡಿಸು.

'ಅವ್ವ ಇದ್ದಾಳಾ?' ಅಂತ ಕೇಳಿದ. ಅದೇ ಮೊದಲು ಕೇಳಿದ್ದು. ಯಾರು ಗೆದ್ರು, ದನ ಏನಾಯ್ತು, ಏನೂ ಇಲ್ಲ. ಇದ್ದಾಳೆ ಅಂದೆ. ಎಲ್ಲಿ ಅಂದ. ಪಾದ್ರಿ ಹತ್ರ, ಗಂಜಿ ಕುಡೀತಿದ್ದಾಳೆ, ನಿನ್ನ ದಾರಿ ನೋಡ್ತಿದ್ದಾಳೆ ಅಂದೆ. ಗುಂಪಲ್ಲಿ ಒಬ್ಬ ಮುದುಕ ಇದ್ದ, ಒಂದು ಕಣ್ಣಿನವನು. 'ಇಬ್ಬರು ಹುಡುಗರು ಮೊದಲು ಹೋಗಿ ನೋಡ್ಕೊಂಡು ಬರಲಿ' ಅಂದ. ನಿನ್ನಪ್ಪ ಅವನ ಕಡೆ ತಿರುಗಿ, 'ಇವನು ಬೆಂಕಿ ಮುಂದೆ ಕೂತು ಹೇಳ್ತಿದ್ದಾನೆ. ಇನ್ನೇನು ನೋಡ್ಕೊಂಡು ಬರೋದು?' ಅಂದ. ಮುದುಕ ತಲೆ ತಗ್ಗಿಸಿದ. ಅವನಿಗೂ ನಾಚಿಕೆಯಾಯ್ತು, ಅಂಥ ಮಾತು ಆಡಿದ್ದಕ್ಕೆ. ಬೇರೆ ಜನ ಆಗಿದ್ರೆ ನೋಡ್ಕೊಂಡು ಬರ್ತಿದ್ರು. ಬಿಳಿಯರಾಗಿದ್ರೆ ನೂರು ಸಲ ನೋಡ್ಕೊಂಡು ಬರ್ತಿದ್ರು. ಹಿರಿಯರ ಎದುರು ಯಾರೂ ಸುಳ್ಳು ಹೇಳಲ್ಲ. ಅದು ನಮಗೆ...

ಹೇಳಿದೆನಲ್ಲ. ಅಷ್ಟೇ. ಎದ್ದು ಬಂದ್ರು ಎಲ್ಲ. ನಾನೇನು ಮಾಡ್ಲಿ, ಆಮೇಲೆ ಸಿಪಾಯಿಗಳು ಮಾತು ಮುರಿದ್ರು. ನನ್ನ ಕೈಯಲ್ಲಿ ಏನಿತ್ತು?

ಚಿಮುಕಿಸು.

ಯಾಕೋ ಬೆರಳು ತೋರಿಸ್ತೀಯ? ನನ್ನ ಕೈಯಾ? ಕೈಯಲ್ಲೇನಿದೆ? ಖಾಲಿ. ನೋಡು. ಉಗುರು ಒಡೆದಿದೆ, ಅಷ್ಟೆ. ನೆಲ ಯಾಕೆ ಗೀರ್ತೀಯ... ಅಗೆಯೋದಾ?

ಓಹ್.

ಹೌದು. ಕೈಯಲ್ಲೇ ಅಗೆದೆ ಅಂದೆ. ಅವ್ವನನ್ನ ನಾನೇ ಮಣ್ಣು ಮಾಡಿದೆ ಅಂದೆ. ಚಳಿಗಾಲದಲ್ಲಿ.

ಅದು... ಇಲ್ಲ, ತಡಿ. ವಯಸ್ಸಾಗಿದೆ. ಯಾವುದು ಮೊದಲು, ಯಾವುದು ಆಮೇಲೆ. ನಾನು ಹೊರಟಾಗ ಅವ್ವ ಇದ್ಲು. ನಾನು ಹೊರಟ ಮೇಲೆ ಹೋದ್ಲು. ತಿರುಗಿ ಬಂದು ಮಣ್ಣು...

ಮಣ್ಣು ಮಾಡದೆ ಅಷ್ಟು ದಿನ ಯಾರಿಡ್ತಾರೆ. ಹೌದು.

ನಿನ್ನ ಕೆನ್ನೆ ನೋಯುತ್ತೆ ಕಣೋ, ಅಷ್ಟು ಹೊತ್ತು ನೀರು ಹಿಡಿದ್ರೆ. ಚಿಮುಕಿಸಿಬಿಡು. ಇಲ್ಲ ಉಗಿದುಬಿಡು. ಏನಾದ್ರೂ ಮಾಡು.

ನಿನ್ನವ್ವ ಹೇಳಿದ್ಲಾ?

ಹೇಳಿದ್ದಾಳೆ. ಅವಳು ಸಾಯೋವರೆಗೂ ಕಾದೆ ನಾನು, ಈ ಕಡೆ ತಲೆ ಹಾಕಲಿಲ್ಲ. ಅವಳು ಹೋದ್ಲು ಅಂತ ಸುದ್ದಿ ಬಂತು. ಆಮೇಲೆ ಕತ್ತೆ ಹತ್ತಿದೆ. ಅದನ್ನೂ ಲೆಕ್ಕ ಹಾಕಿದ್ದೀಯಾ ನೀನು? ಹಾಕಿರ್ತೀಯ. ಕಂಗೋಂಬೆಯ ಮಗ.

ಅವಳು ಏನು ಹೇಳಿದ್ಲು ಅಂತ ನಾನೇ ಹೇಳಲಾ? ಆವತ್ತು ಬೆಂಕಿ ಹತ್ರ, ನನ್ನ ಹಿಂದೆ, ಅವಳು ಕೂತಿದ್ಲು. ನೀನು ಅವಳ ಬೆನ್ನ ಮೇಲೆ. ಏಳು ತಿಂಗಳೋ ಎಂಟೋ. ಸುರುಟಿದ ಎಲೆ ಹಾಗೆ ಇದ್ದೆ. ಅಳೋಕೂ ಶಕ್ತಿ ಇರಲಿಲ್ಲ ನಿನಗೆ. ನಿನ್ನಪ್ಪ ಎದ್ದ. ಅವಳು ಏಳಲಿಲ್ಲ. ಅವಳು ಮಾತ್ರ. 'ಮೈದುನ, ಅತ್ತೆ ನನಗೆ ಏನಾದ್ರೂ ಹೇಳಿ ಕಳಿಸಿದ್ರಾ?' ಅಂತ ಕೇಳಿದ್ಲು. ಅವಳ ಕಣ್ಣಲ್ಲಿ ಅನುಮಾನ ಇತ್ತು. ಹೆಂಗಸರಿಗೆ ಅದು ಬರುತ್ತೆ. ನಾನು ತಡವರಿಸಿದ್ರೆ ಅವಳು ಏಳ್ತಿರಲಿಲ್ಲ. ಅವಳು ಏಳದಿದ್ರೆ ನಿನ್ನಪ್ಪ ಎದ್ದವನು ಮತ್ತೆ ಕೂರ್ತಿದ್ದ. ನಾನು ಬೆಂಕಿ ಕಲ್ಲಿನ ಮೇಲೆ ಕೈಯಿಟ್ಟೆ. ಹೀಗೆ. 'ಕೇಳಿದ್ಲು' ಅಂದೆ. 'ಮಗುಗೆ ಹಲ್ಲು ಬಂತಾ ಅಂತ ಕೇಳಿದ್ಲು.'

ಅವಳು ಎದ್ದುಬಿಟ್ಲು.

ದಾರಿಯುದ್ದ ನಿನ್ನ ಬಾಯಲ್ಲಿ ಬೆರಳಿಟ್ಟು ನೋಡ್ತಿದ್ಲು. ಎರಡು ಬಂದಿದ್ವು, ಕೆಳಗಡೆ. ಅಜ್ಜಿಗೆ ತೋರಿಸೋಣ, ಅಜ್ಜಿಗೆ ತೋರಿಸೋಣ ಅಂತ ಹಾಡಿದ ಹಾಗೆ ಹೇಳ್ತಿದ್ಲು. ಆರು ದಿನ. ನಾನು ಮುಂದೆ ನಡೀತಿದ್ದೆ, ಕೇಳಿಸ್ತಿತ್ತು.

ಅದನ್ನೇ ಹೇಳಿದ್ದಾಳೆ ನಿನಗೆ. ಅಲ್ವಾ? ನಿನ್ನಜ್ಜಿ ನಿನ್ನ ಹಲ್ಲು ಕೇಳಿದ್ಲು ಅಂತ. ಕಥೆ ಹೇಳಿದ ಹಾಗೆ ಹೇಳಿರ್ತಾಳೆ. ನೀನು ನಿನ್ನ ಮಕ್ಕಳಿಗೆ ಹೇಳಿರ್ತೀಯ.

ಕಣ್ಣು ಹಾಗೆ ಮಾಡಬೇಡ.

ಆ ಮಾತು ನಂದು. ಅವ್ವನದ್ದಲ್ಲ. ನೀನು ಹುಟ್ಟಿದ್ದೇ ಅವ್ವನಿಗೆ ಗೊತ್ತಿರಲಿಲ್ಲ. ಕಾಡಿಂದ ಬಂದವರು ಯಾರೋ ಹೇಳಿರಬೇಕು ಅಂತ ನಿನ್ನವ್ವ ಅಂದ್ಕೊಂಡಿರ್ತಾಳೆ. ನನಗೂ ಗೊತ್ತಿರಲಿಲ್ಲ, ಅಲ್ಲಿಗೆ ಹೋಗಿ ಅವಳ ಬೆನ್ನ ಮೇಲೆ ನೋಡೋವರೆಗೂ.

ಸತ್ತು ನಾಲ್ಕು ತಿಂಗಳಾಗಿತ್ತು ಅವ್ವ. ಸತ್ತವಳನ್ನ ಬದುಕಿದ್ದಾಳೆ ಅಂದೆ, ಸತ್ತವರ ಎದುರಿಗೆ. ಅವರ ಮಧ್ಯೆ ಅವಳೂ ಕೂತಿರ್ತಾಳಲ್ಲ. ಕೇಳಿಸ್ಕೊಂಡಿರ್ತಾಳಲ್ಲ. ಅವತ್ತು ಅದೇ ಯೋಚನೆ ಬಂತು ನನಗೆ. ಕಲ್ಲಿನ ಮೇಲೆ ಕೈ ಇತ್ತು. ತೆಗೀಲಿಲ್ಲ.

ಇನ್ನೂ ಬೇಕಾ? ನುಂಗಲ್ಲ, ಉಗುಳಲ್ಲ. ಕೂತೇ ಇದ್ದೀಯ.

ಗೊತ್ತಿತ್ತು. ಅದನ್ನೇ ತಾನೇ ಕೇಳ್ತಿರೋದು? ಅವರಿಗೆ ಏನಾಗುತ್ತೆ ಅಂತ ನನಗೆ ಗೊತ್ತಿತ್ತು. ಮೊದಲ ಸಲ ಗೊತ್ತಿರಲಿಲ್ಲ. ಆ ನಲವತ್ಮೂರು ಜನ. ಹದಿನೈದು ದಿನ ಗಂಜಿ ಕುಡಿದ್ರು. ಹದಿನಾರನೇ ದಿನ ಸಿಪಾಯಿಗಳು ಬಂದು ಬಿಲ್ಲೆ ಕಟ್ಟಿದ್ರು. ರೈಲಿಗೆ ಹತ್ತಿಸಿದ್ರು, ದನದ ಡಬ್ಬಿಗೆ. ಆಮೇಲೆ ಹಡಗು. ಸಮುದ್ರದ ದ್ವೀಪಕ್ಕೆ. ಯಾವ ದ್ವೀಪ ಅಂತ ನಿನಗೆ ಹೇಳಬೇಕಾಗಿಲ್ಲ. ರೈಲು ಹತ್ತುವಾಗ ನನ್ನ ಹೆಸರು ಹಿಡಿದು ಕೂಗಿದ್ರು. ನಾನು ಪಾದ್ರಿ ಹತ್ರ ಹೋಗಿ ಕೇಳಿದೆ. ಅವನು ಪುಸ್ತಕ ತಿರುವ್ತಾ ಕೂತ. ಅವನಿಗೂ ಮೊದಲೇ ಗೊತ್ತಿತ್ತೋ ಇಲ್ವೋ. ಅವನ ಪಾಪ ಅವನದ್ದು.

ದ್ವೀಪದಿಂದ ಸುದ್ದಿ ಬರ್ತಿತ್ತು. ಅಡುಗೆ ಮಾಡೋಕೆ ಪಾತ್ರೆ ಇಲ್ಲ, ಹಸಿ ಅಕ್ಕಿ. ಸೊಂಟದ ಮಟ್ಟ ನೀರಲ್ಲಿ ನಿಂತು ಕಲ್ಲು ಹೊರೋದು. ಗಾಳಿ. ಬೆಳಗ್ಗೆ ಎದ್ದು ಸತ್ತವರನ್ನ ಅಲೆಗೆ ತಳ್ಳೋದು. ಎಲ್ಲ ಕೇಳಿದ್ದೆ. ಎಲ್ಲ ಗೊತ್ತಿದ್ದೇ ಎರಡನೇ ಸಲ ಹೋದೆ.

ಯಾಕೆ ಅಂತೀಯಾ? ಅನ್ನಲ್ಲ. ಆದರೂ ಹೇಳ್ತೀನಿ.

ಮುಂದಿನ ರೈಲಿನ ಪಟ್ಟಿಯಲ್ಲಿ ಉನೋಚಾರಿ ಇದ್ಲು. ನನ್ನ ಹೆಂಡ್ತಿ. ಶಿಬಿರದ ಅಧಿಕಾರಿ ಪಟ್ಟಿ ತೋರಿಸಿದ. ನನಗೆ ಓದೋಕೆ ಬರಲ್ಲ, ಬೆರಳಿಟ್ಟು ತೋರಿಸಿದ, ಇದು ಅವಳ ನಂಬರು ಅಂತ. ಕಂಗೋಂಬೆ ಬಂದ್ರೆ ಇದನ್ನ ಹೊಡೆದುಹಾಕ್ತೀನಿ ಅಂದ. ಕಂಗೋಂಬೆ ಹೊರಗಿರೋವರೆಗೂ ಉಳಿದವರು ಕಾಡಿಂದ ಬರಲ್ಲ, ಬೆಂಕಿ ಅವನ ಹತ್ರ ಇದೆ ಅಂತ. ಅಷ್ಟು ತಿಳ್ಕೊಂಡಿದ್ದ ಆ ಮನುಷ್ಯ ನಮ್ಮ ಬಗ್ಗೆ.

ಮಾತು ಉಳಿಸ್ಕೊಂಡ. ನಂಬರು ಹೊಡೆದುಹಾಕಿದ. ಉನೋಚಾರಿಯನ್ನ ನನ್ನ ಜೊತೆ ಜಮೀನಿಗೆ ಕಳಿಸಿದ. ಎರಡು ಮಳೆಗಾಲ ಬದುಕಿದ್ಲು. ನಾನು ಏನು ಕೊಟ್ಟು ಅವಳನ್ನ ತಂದೆ ಅಂತ ಅವಳಿಗೆ ಒಂದು ದಿನ ಗೊತ್ತಾಯ್ತು. ಯಾರು ಹೇಳಿದ್ರೋ. ಆಮೇಲೆ ನಾನು ಮುಟ್ಟಿದ ಹಾಲು ಕುಡೀಲಿಲ್ಲ ಅವಳು. ಜಗಳ ಮಾಡಲಿಲ್ಲ. ಕುಡೀಲಿಲ್ಲ, ಅಷ್ಟೆ.

ನಿನ್ನಪ್ಪ.

ನಿನ್ನಪ್ಪ ಬೇಲಿ ದಾಟಿ ಒಳಗೆ ಬಂದ. ಸುತ್ತ ನೋಡಿದ. 'ಅವ್ವ ಎಲ್ಲೋ?' ಅಂದ. ನಾನು ಮುಖ ತಿರುಗಿಸಿದೆ. ಇನ್ನೊಂದು ಸಲ ಕೇಳಲಿಲ್ಲ. ಒಬ್ಬ ಸಿಪಾಯಿ ಸಗಣಿ ಕೆಂಡ ಒದ್ದ. ಚೆಲ್ಲಿಹೋಯ್ತು. ಅಣ್ಣ ಬಗ್ಗಿ ಆಯ್ದುಕೊಳ್ಳೋಕೆ ಹೋದ. ಬರಿಗೈಯಲ್ಲಿ. ಬಂದೂಕಿನ ಹಿಂಬದಿಯಲ್ಲಿ ಹೊಡೆದ್ರು. ಕಡ್ಡಿಕಟ್ಟು ನಿನ್ನವ್ವ ಎತ್ಕೊಂಡ್ಲು, ನಿನ್ನ ಕೂಸುಬಟ್ಟೆ ಒಳಗೆ ಸೇರಿಸಿದ್ಲು. ಈಗ ಈ ಬೆಂಕಿ ಹೊಸೆದಿರೋದು ಅದರಲ್ಲೇ ಇರಬೇಕು. ಒಂದು ಕಡ್ಡಿ ನಿನ್ನಪ್ಪನ ರಕ್ತ ಕುಡಿದು ಕಪ್ಪಾಗಿತ್ತು. ಇದೆಯಾ ಅದು? ತಲೆ ಆಡಿಸ್ತಿದ್ದೀಯ.

ಇದೆ.

ರೈಲು ಹತ್ತೋ ದಿನ ಅವನು ನನ್ನ ಮುಂದೇ ಹಾದುಹೋದ. ಎಲ್ಲರೂ ಉಗಿದ್ರು ನನ್ನ ಮೇಲೆ, ಬೈದ್ರು. ಒಂದು ಕಣ್ಣಿನ ಮುದುಕ ಕಲ್ಲು ಎಸೆದ. ಅಣ್ಣ ಏನೂ ಮಾಡಲಿಲ್ಲ. ನನ್ನ ತೋಳಿಗೆ ಕಟ್ಟಿದ್ದ ಬಿಳಿ ಬಟ್ಟೆ ಸಡಿಲವಾಗಿತ್ತು. ನಿಂತ. ಬಿಗಿಯಾಗಿ ಕಟ್ಟಿದ. ಹೋದ.

ದ್ವೀಪದಲ್ಲಿ ಮೂರನೇ ತಿಂಗಳು ಸತ್ತ ಅಂತಾರೆ. ಅಲ್ಲಿ ಸತ್ತವರ ತಲೆ ಕಡಿದು, ಬೇಯಿಸಿ, ಹೆಂಗಸರ ಕೈಗೆ ಗಾಜಿನ ಚೂರು ಕೊಟ್ಟು ಕೆರೆಸಿ, ಪೆಟ್ಟಿಗೆಗೆ ಹಾಕಿ ಅವರ ದೇಶಕ್ಕೆ ಕಳಿಸ್ತಿದ್ರು. ತಲೆಬುರುಡೆ ಅಳೆಯೋದಕ್ಕಂತೆ. ನಿನ್ನವ್ವನ ಅಂಗೈ ನೋಡಿ ಬೆಳೆದವನು ನೀನು. ಆ ಗೀರುಗಳು. ಯಾರ್ಯಾರ ತಲೆ ಅಂತ ಅವಳು ಯಾರಿಗೂ ಹೇಳಲಿಲ್ಲ ಅಂತ ಕೇಳಿದೆ. ನಿನಗೂ ಹೇಳಲಿಲ್ವಾ?

ಇಲ್ಲ.

ನಿನ್ನಪ್ಪನಿಗೆ ಗೋರಿ ಇಲ್ಲ. ನನಗೊಂದು ಬೇಕು ಅಂತ ಬಂದೆ. ಕೇಳೋಕೆ ಹೇಗಿದೆ ಅಂತ ನನಗೂ ಗೊತ್ತು.

ಈಗ ಎಲ್ಲ ಹೇಳಿದೆ. ಇನ್ನೇನೂ ಉಳಿದಿಲ್ಲ. ನಿನಗೆ ಹೇಳಿದ್ದಲ್ಲ, ಇವರಿಗೆ ಹೇಳಿದ್ದು, ಬೆಂಕಿಯಲ್ಲಿ ಕೂತಿರೋರಿಗೆ. ಮೊದಲನೇ ಸಲ ಇಲ್ಲಿ ನಿಜ ಹೇಳಿದೆ. ಅದಕ್ಕಾದ್ರೂ... ಮುರಂಗಿ. ಮಗನೇ. ಒಂದು ಹನಿ ಸಾಕು. ಮುಖಕ್ಕೆ ಬೇಡ, ಕಾಲಿಗೆ ಬಿದ್ರೂ ಸಾಕು.

ನೋಡು, ಕಣ್ಣು ಮುಚ್ಚಿದ್ದೀನಿ.

...

ನೀರು ನುಂಗಿಬಿಟ್ಟೆ ನೀನು.

ಗಂಟಲು ಆಡಿದ್ದು ಕೇಳಿಸ್ತು. ಉಗಿಯೋಕೂ ಮನಸ್ಸು ಬರಲಿಲ್ಲ ನಿನಗೆ.

ಕೈ ಹಿಡೀಬೇಡ, ನಾನೇ ಏಳ್ತೀನಿ. ಹಿಡೀತಿಲ್ವಾ. ಸರಿ. ಕತ್ತೆ ನೀರು ಕುಡಿದಿದ್ರೆ ಬಿಚ್ಚು ಅನ್ನು ನಿನ್ನ ಹೆಂಡ್ತಿಗೆ. ಕರುಗಳ ದೊಡ್ಡಿ ಕಡೆಯಿಂದಲೇ ಹೋಗ್ತೀನಿ.